ಅಶ್ವವರ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪೀಠಿಕೆ

ಪ್ರಸ್ತುತ ಪ್ರಬಂಧವು ಹೆಣ್ಣುಕುದುರೆಗೆ ಗಂಡುಕುದುರೆ ಗೊತ್ತುಮಾಡುವ ಪ್ರಕ್ರಿಯೆಯನ್ನು ಪರಿಕಲ್ಪನಾತ್ಮಕ ಚೌಕಟ್ಟಿನೊಳಗೆ, ತೌಲನಿಕ ಪರಿಪ್ರೇಕ್ಷ್ಯದ ನೆಲೆಯಿಂದ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ಈ ವಾಕ್ಯದ ಅರ್ಥ ಕೇಳಬಾರದು. ಒಂದು ವಿಚಾರ ಸಂಕಿರಣದಲ್ಲಿ ಎರಡೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಷ್ಟಪಟ್ಟು ಸಂಪಾದಿಸಿದ ವಾಕ್ಯ ಇದು. ಅಲ್ಲಿ ತಳಿ ಸಂವರ್ಧನೆಯ ವಿದ್ವಾಂಸರೊಬ್ಬರು ಎಪ್ಪತ್ತು ಸ್ಲೈಡು ತೋರಿಸಿದರು. ಅರವತ್ತೊಂಬತ್ತರಲ್ಲಿ ಗಂಡುಕುದುರೆ ಇತ್ತು. ಎಪ್ಪತ್ತನೆಯದರಲ್ಲಿ ‘ಧನ್ಯವಾದಗಳು’ ಅಂತ ಇತ್ತು.

2. ಪರಿಭಾಷೆ

ಹೆಣ್ಣುಕುದುರೆಗೆ ಸಂಸ್ಕೃತದಲ್ಲಿ ‘ವಡಬಾ’. ಕನ್ನಡಿಗರ ಬಾಯಲ್ಲಿ ಅದು ಉಳಿದಿರುವುದು ಬಡಬಾಗ್ನಿಯಲ್ಲಿ: ಕಡಲ ತಳದಲ್ಲಿ ಹೆಣ್ಣುಕುದುರೆಯ ಮುಖ ಹೊತ್ತು ಉರಿಯುವ ಬೆಂಕಿ. ರೇಸಿನವರು ‘ಮೇರ್’ ಅಂತಲೇ ಅನ್ನುತ್ತಾರೆ. ಈ ಪ್ರಬಂಧದಲ್ಲಿ ಗಂಡನ್ನು ‘ವರ’ ಎನ್ನಲಾಗುವುದು. ಹೆಣ್ಣನ್ನು, ಶಾಸ್ತ್ರಸಂಪ್ರದಾಯದಂತೆ, ಏನೂ ಅನ್ನಲಾಗುವುದಿಲ್ಲ.

3. ವರಪರೀಕ್ಷೆಯ ಸಪ್ತಾಂಗಗಳು

3.1 ಕುಲ. ಜಗತ್ತಿನ ಥರೋಬ್ರೆಡ್, ಅಂದರೆ ರೇಸಿನ ತಳಿಯ, ಕುದುರೆಗಳೆಲ್ಲದರ ಅಪ್ಪ-ಅಜ್ಜಂದಿರ ಸಾಲು ಹಿಂದಕ್ಕೆ ಹೋಗಿ ಮೂವರೇ ಮೂಲಪುರುಷರಲ್ಲಿ ನಿಲ್ಲುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಈ ತಳಿಯ ವಂಶಾವಳಿ 1791ರಲ್ಲೇ ಇಂಗ್ಲೆಂಡಿನಲ್ಲಿ ಅಚ್ಚಾಗಿದೆ. ನಮ್ಮ ಮನೆಯಲ್ಲಿ ಮುತ್ತಜ್ಜನ ಅಪ್ಪನ ಹೆಸರು ಹೇಳಬಲ್ಲವರು ಯಾರೂ ಇಲ್ಲ. ಟಿಪ್ಪುವಿನ ಕಾಲದ ನೆನಪು ಹೊತ್ತ ಕುಣಿಗಲ್ ಕುದುರೆ ಫಾರಂನಲ್ಲಿ, ರಾಗಿಹೊಲಗಳ ಪಕ್ಕದಲ್ಲಿ ಹುಟ್ಟಿದ ಥರೋಬ್ರೆಡ್ ಮರಿಗೂ ಗೋತ್ರ ಇಂಗ್ಲೆಂಡಿನದೇ.

3.2 ವರ್ಣ. ನಾಲ್ಕೂ ಕಾಲು ಬೆಳ್ಳಗಿದ್ದು ಮುಖದಲ್ಲೂ ಬಿಳಿ ಇದ್ದರೆ ನಮ್ಮಲ್ಲಿ ಪಂಚಕಲ್ಯಾಣಿ, ಮಹಾಶುಭ. ಇಂಗ್ಲಿಷರ ಹಳೆಯ ಗಾದೆಯೊಂದರ ಪ್ರಕಾರ ನಾಲ್ಕು ಕಾಲೂ ಬಿಳಿಯಿರುವ ಕುದುರೆಯ ತಂಟೆಗೇ ಹೋಗಬಾರದು. ಆದ್ದರಿಂದ ಕುದುರೆಯ ಯೋಗ್ಯತೆಯು ಅದನ್ನು ಇಳಿಸಿಕೊಂಡ ಬಂದರನ್ನು ಅವಲಂಬಿಸಿರುತ್ತದೆ ಎಂದು ತೌಲನಿಕವಾಗಿ ಸಿದ್ಧವಾಗುತ್ತದೆ.

3.3 ಕೂಟ. ಮನುಷ್ಯರ ಜಾತಕದಲ್ಲಿ ಅಶ್ವಿನಿ, ಶತಭಿಷ ನಕ್ಷತ್ರದವರದು ಅಶ್ವಯೋನಿ. ಅವರಿಗೆ ಮಹಿಷಯೋನಿಯವರು ಕೂಡಿಬರುವುದಿಲ್ಲ. ಹೀಗೆ ನಮ್ಮ ಮದುವೆಗೆ ಕುದುರೆ-ಕೋಣದ ಲೆಕ್ಕ ಹಾಕುವಷ್ಟು ಮುಂದುವರಿದವರು ನಾವು. ಕುದುರೆಯ ಲೆಕ್ಕ ಮಾತ್ರ ತಿರುಗುಮುರುಗು. ತಾಯಿಯ ಕಡೆಗೂ ತಂದೆಯ ಕಡೆಗೂ ಒಬ್ಬನೇ ಹಿರೀಕ ಬಂದರೆ, ಒಂದು ಕಡೆ ಮೂರನೇ ತಲೆ, ಇನ್ನೊಂದು ಕಡೆ ನಾಲ್ಕನೇ ತಲೆ ಎಂದು ಎಣಿಸಿ ತಳಿಗಾರರು ಹಿಗ್ಗುತ್ತಾರೆ. ನಾವು ಸಗೋತ್ರವೆಂದು ಬಾಗಿಲು ಹಾಕುವ ಸಂಬಂಧವನ್ನೇ ಅವರು ಹುಡುಕಿಕೊಂಡು ಹೋಗುತ್ತಾರೆ.

3.4 ಕೀರ್ತಿ. ಸೆಕ್ರೆಟೇರಿಯಟ್ ಎಂಬ ಗಂಡುಕುದುರೆ 1973ರಲ್ಲಿ ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ ಗೆದ್ದ. ಅವುಗಳಲ್ಲೊಂದಾದ ಬೆಲ್ಮಾಂಟಿನಲ್ಲಿ ಎರಡನೆಯವನಿಗಿಂತ 31 ಕುದುರೆಯುದ್ದ ಮುಂದಿದ್ದ. ಅಪ್ಪನಂಥ ಮಗ ಹುಟ್ಟುತ್ತಾನೆಂದು ಜನ ಕಾದರು. ಹುಟ್ಟಲಿಲ್ಲ. ಹೆಸರು ಉಳಿಸಿದ್ದು ಹೆಣ್ಣುಮಕ್ಕಳು: ಎ.ಪಿ. ಇಂಡಿ, ಸ್ಟಾರ್ಮ್ ಕ್ಯಾಟ್, ಗಾನ್ ವೆಸ್ಟ್, ಈ ಮೂವರೂ ಅವನ ಬೇರೆಬೇರೆ ಹೆಣ್ಣುಮಕ್ಕಳ ಮಕ್ಕಳು. ಸಂಕಿರಣದ ಸ್ಲೈಡಿನಲ್ಲಿ ಅಜ್ಜನ ಫೋಟೋ ಇತ್ತು, ಮೊಮ್ಮಕ್ಕಳ ಫೋಟೋ ಇತ್ತು. ನಡುವಿನ ತಾಯಂದಿರ ಜಾಗದಲ್ಲಿ ಒಂದು ಬಾಣದ ಗುರುತು.

3.5ರಿಂದ 3.7: ಹೆಚ್ಚುಕಡಿಮೆ ಇದೇ. ಬಿಟ್ಟಿದ್ದೇನೆ.

4. ಪ್ರಯೋಗ

ಹೆಣ್ಣು ಬೆದೆಗೆ ಬಂದಿದೆಯೇ ಎಂದು ತಿಳಿಯಲು ವರನನ್ನು ಕಳಿಸುವುದಿಲ್ಲ. ಅವನಿಗೆ ಒದೆ ಬಿದ್ದರೆ ಕೋಟಿ ಹೋಯಿತು. ಅದಕ್ಕೆಂದೇ ಬೆಲೆಯಿಲ್ಲದ ಒಂದು ಗಂಡನ್ನು ಸಾಕಿರುತ್ತಾರೆ, ಹೆಸರು ಟೀಸರ್. ಅದನ್ನು ಹಲಗೆಯ ಆಚೆ ನಿಲ್ಲಿಸುತ್ತಾರೆ. ಮೂತಿಗೆ ಮೂತಿ ತಾಗುತ್ತದೆ. ಹೆಣ್ಣು ಕಿವಿ ಹಿಂದಕ್ಕೆ ಒತ್ತಿ, ಕಿರುಚಿ ಒದ್ದರೆ ಇನ್ನೂ ಹೊತ್ತಾಗಿಲ್ಲ. ಬಾಲ ಸರಿಸಿ, ಕಾಲಗಲಿಸಿ ನಿಂತರೆ ಹೊತ್ತಾಯಿತು. ತಕ್ಷಣ ಟೀಸರನ್ನು ಲಾಯಕ್ಕೆ ಎಳೆದೊಯ್ಯುತ್ತಾರೆ. ಇಡೀ ಶಾಸ್ತ್ರದಲ್ಲಿ ಹೆಣ್ಣನ್ನು ಕೇಳುವ ಸಂದರ್ಭ ಇದೊಂದೇ. ಅವಳು ಹೂಂ ಅಂದದ್ದು ಇವನಿಗೆ, ಬರುವವನು ಬೇರೆ.

(‘ಅವಳು’ ಎಂದು ಬಂತು. ಶಾಸ್ತ್ರದಲ್ಲಿ ‘ಅದು’ ಎನ್ನಬೇಕು. ಇಲ್ಲಿಂದ ಮುಂದೆ ನನ್ನಿಂದಾಗುವುದಿಲ್ಲ.)

ವರ ಬರುವ ಮೊದಲು ಅವಳ ಹಿಂಗಾಲುಗಳಿಗೆ ದಪ್ಪ ಬೂಟು ತೊಡಿಸುತ್ತಾರೆ. ಅವಳ ಕಾಲಿಗೆ ಚಳಿಯಾಗದಿರಲಿ ಎಂದಲ್ಲ, ಒದ್ದರೂ ಅವನಿಗೆ ನೋಯದಿರಲಿ ಎಂದು. ಆಮೇಲೂ ಅವಳು ಅಲುಗಾಡಿದರೆ, ಕೋಲಿನ ತುದಿಯ ಹಗ್ಗದ ಕುಣಿಕೆಯೊಳಗೆ ಮೇಲ್ದುಟಿಯನ್ನು ತೂರಿಸಿ, ಕೋಲು ತಿರುವಿ ಬಿಗಿಯುತ್ತಾರೆ. ಅಷ್ಟು ಮೆತ್ತನೆಯ ತುಟಿ. ಅಂಗೈಯಲ್ಲಿಟ್ಟ ಬೆಲ್ಲವನ್ನು ಒಂದು ಹರಳೂ ಉದುರದಂತೆ ಎತ್ತಿಕೊಳ್ಳುವ ತುಟಿ. ಅದು ತಿರುಚಿಕೊಂಡು ಬೆಳ್ಳಗಾಗುತ್ತದೆ, ಅವಳು ಕಲ್ಲಾಗುತ್ತಾಳೆ. ಕೃತಕ ಗರ್ಭಧಾರಣೆ ಮಾಡಬಹುದಲ್ಲ ಎಂದರೆ, ಹಾಗೆ ಹುಟ್ಟಿದ ಮರಿಯನ್ನು ಥರೋಬ್ರೆಡ್ ಎಂದು ವಂಶಾವಳಿಗೆ ಸೇರಿಸಿಕೊಳ್ಳುವುದಿಲ್ಲ. ಕುಲದ ಪಾವಿತ್ರ್ಯಕ್ಕೆ ಕುಣಿಕೆಯೇ ಬೇಕು.

ಬಸಿರು ಹನ್ನೊಂದು ತಿಂಗಳು. ಎಂದು ಹುಟ್ಟಿದರೂ ನಮ್ಮ ರೇಸಿನವರ ಲೆಕ್ಕದಲ್ಲಿ ವಯಸ್ಸು ಎಣಿಸುವುದು ಆ ವರ್ಷದ ಜನವರಿ 1ರಿಂದ. ತಡವಾಗಿ ಹುಟ್ಟಿದವನು ಓರಗೆಯವರಿಗಿಂತ ಎಳಸು, ಅಂದರೆ ನಷ್ಟ. ಹಾಗಾಗಿ ಹೆತ್ತು ವಾರವೋ ಹತ್ತು ದಿನವೋ ಆಗುವಷ್ಟರಲ್ಲಿ ಅವಳಿಗೆ ಬರುವ ಮೊದಲ ಬೆದೆಯನ್ನೇ ಎಷ್ಟೋ ಮಂದಿ ಕಾದು ಕೂತಿರುತ್ತಾರೆ. ಮರಿ ಇನ್ನೂ ತಾಯಿಯ ಬೆನ್ನಿಗೇ ಓಡಾಡುತ್ತಿರುತ್ತದೆ. ತಾಯಿ ಮತ್ತೆ ಬೂಟು ತೊಟ್ಟಿರುತ್ತಾಳೆ. ಬೆಂಕಿಗೆ ಹೆಣ್ಣುಕುದುರೆಯ ಮುಖ ಯಾಕೆ, ಅದನ್ನು ಕಡಲ ತಳಕ್ಕೆ ಯಾಕೆ ಅಟ್ಟಿದರು ಎಂದು ಪರಿಭಾಷೆಯ ಭಾಗ ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಒಳಗೊಳಗೆ ಈ ಲೋಕಕ್ಕೂ ಸತ್ಯ ಗೊತ್ತು. ಅಪ್ಪ ಒಬ್ಬನೇ ಆದ ಮಾತ್ರಕ್ಕೆ ಎರಡು ಕುದುರೆಗಳನ್ನು ಅಲ್ಲಿ ಅಣ್ಣತಮ್ಮ ಎನ್ನುವುದಿಲ್ಲ, ತಾಯಿ ಒಬ್ಬಳಾಗಿರಬೇಕು. ಹೆಸರಾಂತ ವರನಿಗೆ ವರ್ಷಕ್ಕೆ ನೂರು ಮಕ್ಕಳಾಗಬಹುದು, ಅವಳಿಗೆ ಒಂದು. ಓಟಕ್ಕೆ ಬೇಕಾದ ಕಸುವಿನ ಬಹುಪಾಲು ಹುಟ್ಟುವುದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ. ಆ ಮೈಟೊಕಾಂಡ್ರಿಯಾ ಮರಿಗೆ ಬರುವುದು ತಾಯಿಯಿಂದಲೇ. ಇಷ್ಟನ್ನು ನಾನು ಸಂಕಿರಣದ ಪ್ರಶ್ನೋತ್ತರದಲ್ಲಿ ತಡವರಿಸುತ್ತ ಹೇಳಿ, “ಹೆಣ್ಣಿನ ವಿಚಾರ ಏನು ಸಾರ್?” ಎಂದು ಕೇಳಿದೆ. “ಆರೋಗ್ಯವಾಗಿದ್ದರೆ ಸಾಕು” ಎಂದರು ವಿದ್ವಾಂಸರು. ಊಟಕ್ಕೆ ಬಿಟ್ಟರು.

5. ಉಪಸಂಹಾರ

ಕೈತೊಳೆಯುವ ಕಡೆ ಒಬ್ಬ ಮುದುಕ ಸಿಕ್ಕಿದ. ಲಾಯದಲ್ಲಿ ಕೆಲಸ ಮಾಡಿ ಬಿಟ್ಟವನಂತೆ. “ಗಂಡು ಆರಿಸೋದು ದುಡ್ಡಿರೋರ ಬುದ್ಧಿ,” ಅಂದ. “ಮೇರ್ ಒಪ್ತೋ ಇಲ್ವೋ ಅನ್ನೋದು ಅದರ ಕಿವಿ ನೋಡಿದ್ರೆ ತಿಳೀತದೆ. ಕಿವಿ ಯಾರು ನೋಡ್ತಾರೆ?”

ಈ ನಿಟ್ಟಿನಲ್ಲಿ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ. ಅಲ್ಲಿಯವರೆಗೆ ಕಿವಿ ನೋಡಿ.