ಪ್ಯಾರಿಸ್ಸಿಗೆ ಹೊರಟವನು

(ಹಾಸನದಿಂದ ಲಂಡನ್ನಿಗೆ ಫೋನು. ವಿಚಾರಣೆ ಪುಕ್ಕಟೆ.)

"ಏನೋ, ಪ್ಯಾರಿಸ್ ಮುಟ್ಟಿದ್ಯಾ?"

"ಇಲ್ಲ ಮಾವ, ಇನ್ನೂ ಲಂಡನ್ನಲ್ಲೇ ಇದೀನಿ."

"ಎರಡು ವಾರ ಇದ್ದು ಹೊರಡ್ತೀನಿ ಅಂದಿದ್ದೆ. ಆರು ತಿಂಗಳಾಯ್ತಲ್ಲೋ!"

"ಬಾಡಿಗೆ ಮನೆಗೆ ಬ್ಯಾಂಕ್ ಖಾತೆ ಕೇಳಿದ್ರು. ಖಾತೆಗೆ ಮನೆ ವಿಳಾಸ ಕೇಳಿದ್ರು. ಆ ಪ್ರದಕ್ಷಿಣೆ ಮುಗಿಯೋಕೇ ಮೂರು ತಿಂಗಳು."

"ಸೇಂಟ್ ಪ್ಯಾಂಕ್ರಾಸಿಂದ ರೈಲು ಎರಡೂಕಾಲು ಗಂಟೆಯಂತಲ್ಲ?"

"ರೈಲು ಅಷ್ಟೇ. ಇಲ್ಲಿನ ವೀಸಾ ಅಲ್ಲಿ ನಡೆಯಲ್ಲ; ಷೆಂಗೆನ್ ಬೇರೆ ಬೇಕು."

"ಮತ್ತೆ ಏನು ನೋಡ್ದೆ?"

"ಥೇಮ್ಸ್ ದಡದಲ್ಲಿ ಬಸವಣ್ಣನವರನ್ನ. 2015ರಿಂದ ಅಲ್ಲೇ ಇದಾರೆ, ಬಾಡಿಗೆ ಕರಾರಿಲ್ಲದೆ."

"ಜಂಗಮನಾಗ್ತೀನಿ ಅಂತ ಹೋದೋನು, ನೀನೂ ಸ್ಥಾವರವಾದೆ!"

"ಹಾಗೇನಿಲ್ಲ ಮಾವ. ಮುಂದಿನ ತಿಂಗಳು ಹೊರಟೇಬಿಡ್ತೀನಿ. ಈಗ ಇಡ್ಲಿಗೆ ನೆನೆಹಾಕಿದೀನಿ, ಈಸ್ಟ್ ಹ್ಯಾಮಿಂದ ಇಪ್ಪತ್ತು ಕಿಲೋ ಅಕ್ಕಿ ತಂದೆ."

"ಇಪ್ಪತ್ತು ಕಿಲೋ? ಗ್ರೈಂಡರ್ ಯಾವ ಕಂಪನೀದು?"