ಶಿರಸ್ತೇದಾರರ ಇಂಕ್ ಬೀರು

ನಿವೃತ್ತ ಶಿರಸ್ತೇದಾರರೆಂದರೆ ಪೆನ್ಶನ್, ಪಂಚಾಂಗ, ಪಾರ್ಕಿನ ಕಲ್ಲುಬೆಂಚು ಇಷ್ಟೇ ಎಂದುಕೊಂಡವರು ಮೈಸೂರಿನ ಹಳೇ ಬೀದಿಗಳಲ್ಲಿ ಒಮ್ಮೆ ಸುತ್ತಬೇಕು. ಇವರಲ್ಲಿ ಇಂಕ್ ಬಾಟಲಿ ಕೂಡಿಡುವ ಪಂಗಡವೊಂದಿದೆ. ಬೀರುವಿನ ಲಾಕರಿನಲ್ಲಿ ಬೆಂಗಳೂರಿನ ಬ್ರಿಲ್ಲು, ಚೆಲ್‌ಪಾರ್ಕು, ಬೊಂಬಾಯಿಯ ಕ್ಯಾಮೆಲ್ಲು ಸಾಲಾಗಿ ಕೂತಿರುತ್ತವೆ. ಮನೆಯಾಕೆಯ ಬಳೆಗಳು ಅಕ್ಕಿ ಡಬ್ಬಿಯಲ್ಲಿರುತ್ತವೆ.

“ಇಂಕು ತಾನಾಗಿ ಕೆಡೋದಿಲ್ಲ ಕಣ್ರೀ, ಇಟ್ಕೊಂಡೋರು ಕೆಡಿಸ್ತಾರೆ” ಎಂಬುದು ಇವರ ಸಿದ್ಧಾಂತ. ಮಾತು ಸುಳ್ಳಲ್ಲ. ಮುಚ್ಚಳ ಭದ್ರವಾಗಿದ್ದು ಕತ್ತಲಲ್ಲಿ ತಣ್ಣಗಿದ್ದ ಮಾಮೂಲಿ ನೀಲಿ ಇಂಕು ದಶಕಗಳಾದರೂ ಬರೆಯುತ್ತದೆ.

ಬೆಂಗಳೂರಿನ ತಂಗಿ ಮಗ ದುಬಾರಿ ಪೆನ್ನು ಕೊಂಡು, ಅಟ್ಟದಲ್ಲಿ ಸಿಕ್ಕಿದ ಬಾಟಲಿ ಹಿಡಿದು “ಮಾವ, ಇದು ನಡೆಯುತ್ತಾ?” ಎಂದು ಬಂದ ದಿನ ಇವರ ಗತ್ತು ನೋಡಬೇಕು. ಥೇಟ್ ಜಾತಕ ನೋಡುವ ಜೋಯಿಸರು. ಹುಡುಗ ಬಾಟಲಿ ಕುಲುಕಲು ಹೋದರೆ, “ಅಲ್ಲಾಡಿಸಬೇಡ್ವೋ! ತಳದ ಗಷ್ಟು ಮೇಲೆ ಬಂದ್ರೆ ಏನು ನೋಡ್ಲಿ?” ಎಂಬ ಗರ್ಜನೆ. ಬ್ಲೂ ಬ್ಲ್ಯಾಕ್ ಆದರಂತೂ ಅನುಮಾನ ಇಮ್ಮಡಿ. ಹಳೇ ಕಾಲದ ಬ್ಲೂ ಬ್ಲ್ಯಾಕಿನಲ್ಲಿ ಕಬ್ಬಿಣದ ಉಪ್ಪು ಇರುತ್ತಿತ್ತು. ಗಾಳಿ ಸೋಕಿ ಸೋಕಿ ಕರೀ ಗಷ್ಟಾಗಿ ತಳ ಸೇರಿದರೆ ಅದು ಪೆನ್ನಿನ ಗಂಟಲಿಗೇ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಮೂಗಿನ ಸರದಿ. ಫಿನಾಲು ಹಾಕಿದ ಹಳೇ ಇಂಕುಗಳು ಆಸ್ಪತ್ರೆ ನಾತ ಹೊಡೆಯುತ್ತವೆ. ಆಸ್ಪತ್ರೆ ವಾಸನೆ ಬಂದರೆ ಇಂಕು ಆರೋಗ್ಯವಾಗಿದೆ ಎಂದರ್ಥ. ಕೊಳೆತ ವಾಸನೆ ಬಂದರೆ ಗಟಾರವೇ ಗತಿ. “ಒಲೆ ಮೇಲೆ ಹಾಲು ಸೀದ್ರೂ ಗೊತ್ತಾಗಲ್ಲ, ಇದೊಂದು ಗೊತ್ತಾಗುತ್ತೆ ಈ ಮೂಗಿಗೆ” ಎಂದು ಅಡುಗೆಮನೆಯಿಂದ ಮಾತು ಬರುತ್ತದೆ. ಶಿರಸ್ತೇದಾರರಿಗೆ ಆಗ ಕಿವಿ ಕೇಳಿಸುವುದಿಲ್ಲ.

ಕೊನೆಗೆ ಹಲ್ಲುಕಡ್ಡಿ. ಅದ್ದಿ ಎತ್ತಿದಾಗ ಲೋಳೆ, ನಾರು, ಬಿಳೀ ಪೊರೆ ಬಂದರೆ ಬೂಷ್ಟು. ಸೋಸಿ ಬಳಸೋಣವೆಂದರೆ ಒಪ್ಪುವುದಿಲ್ಲ. ಕಾಫಿ ಸೋಸುವ ಬಟ್ಟೆಗೆ ಲೋಳೆ ಸಿಕ್ಕೀತು, ಬೂಷ್ಟಿನ ಬೀಜ ಸಿಗದು. ಪೆನ್ನಿನೊಳಗೆ ಹೋಗಿ ಸಂಸಾರ ಹೂಡುತ್ತದೆ. (ಬಟ್ಟೆಯ ಪ್ರಯೋಗ ಆ ಮನೆಯಲ್ಲಿ ನಡೆದಿದೆ, ಮರುದಿನದ ಕಾಫಿಯ ಬಣ್ಣದ ಬಗ್ಗೆ ಯಾರೂ ಮಾತಾಡುವುದಿಲ್ಲ.) ನೀರು ಆರಿ ಬರೀ ಗಟ್ಟಿಯಾಗಿದ್ದರೆ ಮಾತ್ರ ದಯೆ: ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರು ತೊಟ್ಟು ತೊಟ್ಟಾಗಿ ಬೆರೆಸಿ, ಮೊದಲು ಅಗ್ಗದ ಪೆನ್ನಿಗೆ ತುಂಬಿ ನೋಡಬೇಕು.

ಪಕ್ಕದ ಮನೆಯವರು ಒಮ್ಮೆ, “ನಮ್ಮ ಮೈಸೂರಿನದೇ ಎಲೆಕ್ಷನ್ ಇಂಕ್ ಇದೆಯಲ್ಲ, ಅದು ಅಳಿಸೋದೇ ಇಲ್ಲ, ಅದನ್ನೇ ಹಾಕ್ಕೊಳ್ಳಿ” ಎಂದು ಸಲಹೆ ಕೊಟ್ಟರು. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುತ್ತಿರುವ ಆ ಸಿಲ್ವರ್ ನೈಟ್ರೇಟಿನ ಇಂಕಿಗೂ ಪೆನ್ನಿನ ಇಂಕಿಗೂ ಇರುವ ಅಂತರವನ್ನು ಇವರು ವಿವರಿಸಿ ಮುಗಿಸುವಷ್ಟರಲ್ಲಿ ಪಾಪ, ಅವರ ಮನೆಯ ನಲ್ಲಿ ನೀರು ಬಂದು ನಿಂತೂ ಹೋಗಿತ್ತು.

ನ್ಯಾಯವೆಲ್ಲ ಪರರ ಬಾಟಲಿಗೆ. ತಮ್ಮದರಲ್ಲಿ ಪೊರೆ ತೇಲಿದರೆ ಅದು ಬೂಷ್ಟಲ್ಲ, “ಸ್ವಲ್ಪ ಕೆನೆ ಕಟ್ಟಿದೆ, ಅಷ್ಟೆ”. ಸೀಲು ಒಡೆಯದ ಬಾಟಲಿಯನ್ನು ತೆರೆಯುವುದಂತೂ ಇಲ್ಲ. ಮೊಮ್ಮಗಳ ಮದುವೆಯ ಲಗ್ನಪತ್ರಿಕೆಗೆ ಎಂದು ಎತ್ತಿಟ್ಟಿದ್ದು, ಮದುವೆಯಾಗಿ ಆಕೆಯ ಮಗು ಶಾಲೆ ಸೇರಿದೆ. ವರ್ಷಕ್ಕೊಮ್ಮೆ ಪೆನ್ಶನ್‌ನ ಜೀವಿತ ಪ್ರಮಾಣಪತ್ರಕ್ಕೆ ರುಜು ಹಾಕುವುದು ಬ್ಯಾಂಕಿನವರು ದಾರ ಕಟ್ಟಿಟ್ಟ ಬಾಲ್ ಪೆನ್ನಿನಲ್ಲಿ.

ನಿಮ್ಮ ಅಟ್ಟದಲ್ಲೂ ಹಳೇ ಬಾಟಲಿ ಸಿಕ್ಕಿದರೆ ಬೆಳಕಿಗೆ ಹಿಡಿಯಿರಿ, ಮೂಸಿ, ಕಡ್ಡಿ ಅದ್ದಿ ನೋಡಿ. ಶಿರಸ್ತೇದಾರರ ಬಳಿ ಮಾತ್ರ ಒಯ್ಯಬೇಡಿ. ಇಂಕು ಚೆನ್ನಾಗಿದ್ದರೆ ಚೆನ್ನಾಗಿದೆಯೆಂದು ಇಟ್ಟುಕೊಳ್ಳುತ್ತಾರೆ; ಕೆಟ್ಟಿದ್ದರೆ, ಬಾಟಲಿ ಚೆನ್ನಾಗಿದೆಯೆಂದು ಇಟ್ಟುಕೊಳ್ಳುತ್ತಾರೆ.