ಏರಿಸಿ ಇಳಿಸುವ ಲೆಕ್ಕ

(ಗೇರುಸೊಪ್ಪೆಯ ಒಂದು ಚಾದಂಗಡಿ. ಸಾಹೇಬರ ಕೈಯಲ್ಲಿ ನಕ್ಷೆ, ಹೆಗಡೇರ ಬಾಯಲ್ಲಿ ಕವಳ.)

ಸಾಹೇಬರು: ಹೊಸ ಅಣೆಕಟ್ಟೇ ಇಲ್ಲ ಹೆಗಡೇರೇ! ಹಗಲು ಸೋಲಾರ್ ಕರೆಂಟು ಮಿಕ್ಕಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನ ಮೇಲಿನ ತಳಕಳಲೆ ಜಲಾಶಯಕ್ಕೆ ಏರಿಸ್ತೀವಿ, ಸಂಜೆ ಇಳಿಸ್ತೀವಿ. 2000 ಮೆಗಾವ್ಯಾಟ್!

ಹೆಗಡೆ: ಏರಿಸೋಕೆ ಕರೆಂಟು ಬೇಡ್ವಾ?

ಸಾಹೇಬರು: ಬೇಕು. ಇಳಿಸುವಾಗ ಹುಟ್ಟೋದಕ್ಕಿಂತ ಜಾಸ್ತೀನೇ ಬೇಕು. ದೊಡ್ಡ ಬ್ಯಾಟರಿ ಅಂದ್ಕೊಳ್ಳಿ. ಸೂರ್ಯ ಮುಳುಗಿದ ಮೇಲೆ ಬೆಂಗಳೂರಿನ ಏಸಿ ನಿಲ್ಲಬಾರದಲ್ಲ?

ಹೆಗಡೆ: ನ್ಯಾಯದ ಮಾತು. (ಸೋಲಾರಿಗೆ ಸಂಜೆಯ ಕಷ್ಟ ನಿಜವೇ, ಹೆಗಡೇರಿಗೂ ಅದು ಅರ್ಥವಾಗುತ್ತದೆ, ಅವರ ಸಂಕಟವೇ ಅದು.) ಆದ್ರೆ ಬ್ಯಾಟರಿ ಇಡೋ ಜಾಗ ಸಿಂಗಳೀಕದ ಅಭಯಾರಣ್ಯ ಅಲ್ವಾ?

ಸಾಹೇಬರು: ಎಲ್ಲಾ ನೆಲದಡಿ! ಸುರಂಗ, ವಿದ್ಯುದಾಗಾರ, ಸಮಸ್ತ. ಮೇಲಿನ ಕಾಡಿಗೆ ಸುದ್ದಿಯೇ ಮುಟ್ಟೋದಿಲ್ಲ.

ಹೆಗಡೆ: ಸುರಂಗ ಕೊರೆಯೋ ಯಂತ್ರ?

ಸಾಹೇಬರು: ಲಾರೀಲಿ ಬರುತ್ತೆ.

ಹೆಗಡೆ: ಲಾರಿ?

ಸಾಹೇಬರು: ರಸ್ತೇಲಿ.

ಹೆಗಡೆ: ರಸ್ತೆ?

ಸಾಹೇಬರು: ಅದಕ್ಕೆ ಸ್ವಲ್ಪ ಮರ... ಬದಲಿ ಕಾಡು ಬೆಳೆಸ್ತೀವಲ್ಲ, ಬೇರೆ ಕಡೆ!

ಹೆಗಡೆ: ಸಿಂಗಳೀಕ ನೆಲಕ್ಕಿಳಿಯೋದೇ ಅಪರೂಪ ಮಾರಾಯ್ರೆ. ಬದಲಿ ಕಾಡಿಗೆ ಬಸ್ಸು ಹತ್ತಬೇಕಾ?

ಸಾಹೇಬರು: ಹಗ್ಗದ ಸೇತುವೆ ಕಟ್ಟಿಕೊಡೋಣ.

ಹೆಗಡೆ: ಮನುಷ್ಯರ ಗತಿಯೇ ನೋಡಿ, 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಬಿಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೀತಿದಾರೆ.

ಸಾಹೇಬರು: ಆ ಕಡತ ಬೇರೆ ಇಲಾಖೆದು.

ಹೆಗಡೆ: ಸಿಂಗಳೀಕದ್ದು?

ಸಾಹೇಬರು: ಅದು ಇನ್ನೊಂದರದ್ದು. ನಮ್ಮದು ನೀರು ಮಾತ್ರ.

ಹೆಗಡೆ: ಹಾಗಾದ್ರೆ ತಕರಾರು ಅರ್ಜಿ ಯಾರಿಗೆ ಕೊಡ್ಲಿ?

ಸಾಹೇಬರು: ಮೂರು ಪ್ರತಿ ಮಾಡಿಸ್ಕೊಂಡು ಬನ್ನಿ. ಸಿಂಗಳೀಕದ ಸಹಿ ಇದ್ರೆ ಬೇಗ ವಿಲೇವಾರಿ ಆಗುತ್ತೆ.